ಭರಣಿಯಲ್ಲಿದ್ದ ತಾಂಬೂಲದ ಕಾಸು

ನಮ್ಮ ಮಾವನವರ ಕಾರಿನ ಹಿಂದಿನ ಸೀಟಿನಲ್ಲಿ ಸದಾ ಒಂದು ದುಪ್ಪಟಿ ಮಡಿಸಿಟ್ಟಿರುತ್ತಿತ್ತು. ಹೆರಿಗೆ ನೋವು ಬಂದ ಹೆಂಗಸರನ್ನು ಅದರ ಮೇಲೆ ಮಲಗಿಸಿಕೊಂಡು ಬಂಗಾರಪೇಟೆಯಿಂದ ಎಂಟು ಮೈಲಿ ದೂರದ ಕೆ.ಜಿ.ಎಫ್. ಆಸ್ಪತ್ರೆಗೆ ಹೋಗುತ್ತಿದ್ದರು. ಬಂದ ಮೇಲೆ ಅತ್ತೆ ಅದನ್ನು ಒಗೆದು, ಬಿಸಿಲಿಗೆ ಹಾಕಿ, ಮೊದಲು ಉದ್ದಕ್ಕೆ ಮೂರು ಮಡಿಕೆ, ಆಮೇಲೆ ಅಡ್ಡಕ್ಕೆ ಎರಡು ಮಡಿಕೆ ಮಾಡಿ ಮತ್ತೆ ಅಲ್ಲೇ ಇಡುತ್ತಿದ್ದರು. ಮದುವೆಯಾಗಿ ಆ ಮನೆಗೆ ಬಂದ ನಾನು ಮೊದಲು ಕಲಿತ ಕೆಲಸ ಆ ಮಡಿಕೆ.

ಮಾವ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಸ್ವಂತ ದೇಶಕ್ಕೆ ಹೊರಟ ಗಣಿಯ ಒಬ್ಬ ಬಿಳಿ ದೊರೆ, ಕೆಟ್ಟು ನಿಂತಿದ್ದ ತನ್ನ ಕರಿ ಕಾರನ್ನು ಅವರಿಗೆ ಅಗ್ಗಕ್ಕೆ ಕೊಟ್ಟುಹೋಗಿದ್ದ. ಎರಡು ವರ್ಷ ಭಾನುವಾರಗಳೆಲ್ಲ ಅದನ್ನು ಬಿಚ್ಚಿ, ಉಜ್ಜಿ, ಸಿಗದ ಭಾಗಗಳನ್ನು ತಾವೇ ಲೇತಿನಲ್ಲಿ ಕಡೆದು ಕೂರಿಸಿ, ಓಡುವ ಹಾಗೆ ಮಾಡಿದ್ದರು. ನಿವೃತ್ತರಾಗಿ ಬಂಗಾರಪೇಟೆಗೆ ಬಂದಾಗ ನಮ್ಮ ಬೀದಿಗೆಲ್ಲ ಅದೊಂದೇ ಕಾರು. ಮದುವೆಯ ಹೆಣ್ಣುಗಂಡು, ಬಸುರಿಯರು, ಹಾವು ಕಚ್ಚಿದವರು, ಎಲ್ಲರೂ ಅದರಲ್ಲಿ ಕೂತವರೇ.

ಮಾವ ಯಾರನ್ನೂ ಬಾಡಿಗೆ ಕೇಳಿದವರಲ್ಲ. ಆದರೆ ನಮ್ಮ ಕಡೆ, ಒಳ್ಳೆಯ ಕೆಲಸಕ್ಕೆ ಆದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿಯಿಲ್ಲ. ಎರಡು ವೀಳ್ಯದೆಲೆ, ಅಡಿಕೆ, ಮೇಲೊಂದು ನಾಣ್ಯ. ಬೇಡವೆಂದರೆ ಹರಸಲು ಮನಸ್ಸಿಲ್ಲ ಎಂದ ಹಾಗೆ. ಮಾವ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಿದ್ದರು. ಎಲೆ ಅಡಿಕೆ ಅವರ ಬಾಯಿಗೆ, ಕಾಸು ದೇವರ ಮನೆಯಲ್ಲಿದ್ದ ಹಳೆಯ ಉಪ್ಪಿನಕಾಯಿ ಭರಣಿಗೆ. ಎಷ್ಟು ತೊಳೆದಿದ್ದರೂ ಅದರಿಂದ ಇಂಗಿನ ವಾಸನೆ ಹೋಗಿರಲಿಲ್ಲ. ಎಂದಾದರೂ ದೇವಿಗೆ ಒಪ್ಪಿಸೋಣ ಎಂದು ಅತ್ತೆ ಹೇಳುತ್ತಿದ್ದರು. ಅದರಲ್ಲಿ ಎಷ್ಟಿದೆಯೆಂದು ಯಾರೂ ಎಣಿಸಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತರ ಆಚೀಚಿನ ಒಂದು ಬೇಸಿಗೆ. ಬೇತಮಂಗಲದಲ್ಲಿ ಮದುವೆಯಾದ ಹೆಣ್ಣುಗಂಡನ್ನು ಕ್ಯಾಸಂಬಳ್ಳಿಗೆ ಬಿಟ್ಟು ಮಾವ ಒಬ್ಬರೇ ವಾಪಸು ಬರುತ್ತಿದ್ದರು. ಎದುರಿಗೆ ನುಗ್ಗಿದ ಇಟ್ಟಿಗೆ ಲಾರಿಯನ್ನು ತಪ್ಪಿಸಲು ಹೋಗಿ ಕಾರು ಹುಣಸೆಮರಕ್ಕೆ ಬಡಿಯಿತು. ಅವರ ಬಲಗೈ ಮಣಿಕಟ್ಟು ಮುರಿಯಿತು. ಕಾರನ್ನು ಮಾರನೆಯ ದಿನ ಎರಡು ಜೊತೆ ಎತ್ತು ಕಟ್ಟಿ ಎಳೆದು ತಂದರು. ಮುಂದಿನ ಭಾಗ ಮುದುರಿದ ಕಾಗದದ ಹಾಗಿತ್ತು. ಹಿಂದಿನ ಸೀಟಿನಲ್ಲಿ ಮದುಮಗಳ ಮುಡಿಯಿಂದ ಉದುರಿದ ಮಲ್ಲಿಗೆ ಇನ್ನೂ ಬಿದ್ದಿತ್ತು.

ಕಾರಿಗೆ ವಿಮೆ ಇತ್ತು. ನಷ್ಟ ಅಂದಾಜು ಮಾಡುವ ಕಂಪನಿಯ ಸರ್ವೇಯರ್ ಬೆಂಗಳೂರಿನಿಂದ ಬಂದು, ಒಂದು ಸುತ್ತು ಸುತ್ತಿ, ನಮ್ಮ ಮನೆಯ ಕಾಫಿ ಕುಡಿದು ಹೋದರು. ರಿಪೇರಿಯ ಖರ್ಚು ಕಾರಿನ ಬೆಲೆಯನ್ನೇ ಮೀರುತ್ತದೆ, ಆದ್ದರಿಂದ ಕಾರು ಪೂರ್ತಿ ಹೋಯಿತೆಂದೇ ಲೆಕ್ಕ, ಹಳೆಯ ಗಾಡಿಗೆ ತಕ್ಕ ಹಣ ಕೊಡುತ್ತೇವೆ ಎಂದು ಕಾಗದ ಬಂತು. ಆ ಹಣಕ್ಕೆ ಓಡುವ ಇನ್ನೊಂದು ಕಾರು ಎಲ್ಲೂ ಸಿಗುತ್ತಿರಲಿಲ್ಲ. ಇನ್ನೊಂದು ಕಾರಿಲ್ಲದಿದ್ದರೆ ನಮ್ಮ ಬೀದಿಯ ಹೆಂಗಸರಿಗೆ ಜಟಕಾವೇ ಗತಿ. ಮಾವನಿಗೆ ಇದ್ದದ್ದು ಆ ಒಂದೇ ಚಿಂತೆ.

“ಕಾರನ್ನ ಮುದುಕಿ ಅಂತ ಬರ್ಕೊಂಡು ಹೋದ. ಇಂಜಿನ್ ಕಡೆ ಕಣ್ಣೆತ್ತಿ ನೋಡ್ಲಿಲ್ಲ,” ಎಂದರು.

ಕಂಪನಿಗೆ ಇಂಗ್ಲಿಷಿನಲ್ಲಿ ತಕರಾರು ಬರೆಯಬೇಕಾಯಿತು. ನನ್ನ ಯಜಮಾನರು ರೈಲ್ವೆಯಲ್ಲಿದ್ದರು, ಇಂಗ್ಲಿಷ್ ಬರುತ್ತಿತ್ತು. ಮಾವ ಒಪ್ಪಲಿಲ್ಲ. “ಅವ್ನು ಬರೆದ್ರೆ ತಂತಿ ಬಂದಂಗಿರ್ತದೆ. ನೀನು ಬರಿಯವ್ವ. ಸಿಸ್ಟರ್‌ಗಳತ್ರ ಕಲ್ತಿದೀಯ.”

ಮಡಿಲಿನಲ್ಲಿ ಹಲಗೆಯಿಟ್ಟುಕೊಂಡು ಒಂದು ಮಧ್ಯಾಹ್ನವೆಲ್ಲ ಬರೆದೆ. ಅರ್ಜಿಯಲ್ಲಿ ಏನನ್ನೂ ಬಚ್ಚಿಡಬಾರದು, ಓದುವವರಿಗೆ ಎಲ್ಲವೂ ಕಣ್ಣಿಗೆ ಕಟ್ಟಬೇಕು ಎಂದು ಕಾನ್ವೆಂಟಿನಲ್ಲಿ ಹೇಳಿಕೊಟ್ಟಿದ್ದರು. ಕಾರು ಎಷ್ಟು ಗಟ್ಟಿ, ಎಷ್ಟು ಜನಕ್ಕೆ ಆಸರೆ ಎಂದು ತೋರಿಸಲು ಮೂರು ಪುಟ ತುಂಬಿಸಿದೆ. ಎಷ್ಟೋ ಮದುಮಕ್ಕಳು, ಎಷ್ಟೋ ಬಾಣಂತಿಯರು. ಕೊನೆಯಲ್ಲಿ, ಅವರೆಲ್ಲ ಪ್ರೀತಿಯಿಂದ ವೀಳ್ಯದೆಲೆಯ ಮೇಲೆ ಒಂದು ನಾಣ್ಯವಿಟ್ಟು ಕೊಡುತ್ತಿದ್ದರು ಎಂದೂ ಸೇರಿಸಿದೆ. ಆ ವಾಕ್ಯ ನನಗೆ ತುಂಬಾ ಹಿಡಿಸಿತ್ತು. ಮಾವನಿಗೆ ಕನ್ನಡದಲ್ಲಿ ಹೇಳಿದಾಗ ಅವರ ಕಣ್ಣೂ ಒದ್ದೆಯಾಯಿತು.

ಮೂರು ವಾರಕ್ಕೆ ಉತ್ತರ ಬಂತು. ಕಾರಿನ ವಿಮೆ ಸ್ವಂತ ಬಳಕೆಗೆ ಮಾತ್ರ; ಜನರನ್ನು ಕೂರಿಸಿಕೊಂಡು ಹಣ ಪಡೆಯಲಾಗಿದೆಯೆಂದು ನೀವೇ ಬರೆದಿದ್ದೀರಿ; ಆದ್ದರಿಂದ ಮೊದಲು ಹೇಳಿದ್ದ ಹಣವನ್ನೂ ಕೊಡಲಾಗುವುದಿಲ್ಲ. ಅಡುಗೆಮನೆಯಲ್ಲಿ ನಿಂತು ನಾಲ್ಕು ಸಲ ಓದಿದೆ. ಬಾಗಿಲಲ್ಲಿ ಮಾವ ಮುರಿದ ಕೈಯನ್ನು ಬಟ್ಟೆಯಲ್ಲಿ ಕತ್ತಿಗೆ ತೂಗಿಕೊಂಡು ಕಾಯುತ್ತಿದ್ದರು.

“ಏನಂತವ್ರೆ?”

ಹೇಳಿದೆ. ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. “ಎರಡು ಸಾಲು ಬರೆದಿದ್ರೆ ಸಾಕಾಗಿತ್ತು. ಇವ್ಳು ಪುರಾಣ ಬರೆದವ್ಳೆ,” ಎಂದರು. ಮಾವ, ನಾಳೆ ಬೆಂಗಳೂರಿಗೆ ಹೋಗೋಣ, ಭರಣಿ ತೆಗೆದಿಡು ಎಂದರು. ಒಂದು ಕಾಸೂ ಮುಟ್ಟಿಲ್ಲ ಎಂದು ಕಣ್ಣಾರೆ ಕಂಡರೆ ಯಾರಾದರೂ ನಂಬುತ್ತಾರೆ ಎಂಬುದು ಅವರ ಎಣಿಕೆ. ನನಗೂ ಹಾಗೇ ಅನ್ನಿಸಿತು.

ರೈಲಿನಲ್ಲಿ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಉಪ್ಪಿನಕಾಯಿ ಯಾವುದರದ್ದಮ್ಮ ಎಂದು ಪಕ್ಕದ ಹೆಂಗಸು ಕೇಳಿದಳು. ಮಾವಿನದ್ದು ಎಂದುಬಿಟ್ಟೆ.

ಕಂಪನಿಯ ಅಧಿಕಾರಿ ಒಳ್ಳೆಯವರೇ. ಕುರ್ಚಿ ಕೊಟ್ಟರು, ನೀರು ತರಿಸಿದರು. ಮಾವ ಎಡಗೈಯಲ್ಲಿ ಭರಣಿಯ ಬಟ್ಟೆ ಬಿಚ್ಚಿ ಮೇಜಿನ ಮೇಲೆ ಅವರ ಮುಂದಕ್ಕೆ ಸರಿಸಿದರು. ಎಷ್ಟಿದೆ ಎಂದು ಅವರು ಕೇಳಿದರು.

“ಎಣಿಸಿಲ್ಲ ಸ್ವಾಮಿ. ಎಣಿಸೋ ಕಾಸಲ್ಲ ಅದು.”

ಅಧಿಕಾರಿ ಒಳಗೆ ಇಣುಕಿ, ಕನ್ನಡಕ ತೆಗೆದು ಒರೆಸಿದರು. “ಯಜಮಾನರೇ, ನೀವು ಸುಳ್ಳು ಹೇಳ್ತಿದೀರಿ ಅಂತ ನಾನು ಅನ್ನೋದಿಲ್ಲ. ಆದರೆ ಇದನ್ನ ತಂದು ನನ್ನ ಮುಂದಿಟ್ಟ ಮೇಲೆ, ನೀವು ತೊಗೊಂಡಿಲ್ಲ ಅಂತ ನಾನು ಹೇಗೆ ಬರೀಲಿ?”

ಆಮೇಲೆ ಅವರೇ ಒಂದು ದಾರಿ ಹೇಳಿದರು. ಆ ಸಾಲು ಸೊಸೆ ತಿಳಿಯದೆ ಬರೆದದ್ದು, ಯಾರೂ ಏನೂ ಕೊಟ್ಟಿಲ್ಲ ಎಂದು ಇನ್ನೊಂದು ಕಾಗದ ಬರೆದುಕೊಟ್ಟರೆ, ಮೊದಲಿನ ಹಣವನ್ನಾದರೂ ಕೊಡಿಸಲು ನೋಡುತ್ತೇನೆ. ಭರಣಿಯನ್ನು ನಾನು ನೋಡಲೇ ಇಲ್ಲ ಅಂದುಕೊಳ್ಳಿ ಎಂದರು. ಕಾಗದ, ಪೆನ್ನು ನನ್ನ ಕಡೆ ಸರಿಸಿದರು. ನಾನು ಪೆನ್ನು ತೆಗೆದುಕೊಂಡೆ. ಬರೆಯುತ್ತಿದ್ದೆ, ಖಂಡಿತ ಬರೆಯುತ್ತಿದ್ದೆ.

ಮಾವ ಅಧಿಕಾರಿಯ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ಅವ್ರು ಕೊಟ್ಟಿದ್ದು ದಿಟ ಅಲ್ವೇನವ್ವಾ?”

ನಾನು ಪೆನ್ನಿನ ಮುಚ್ಚಳ ಹಾಕಿದೆ.

ಹಣ ಬರಲಿಲ್ಲ. ಆದರೂ ಮಾವ ನನ್ನ ಮೇಲೆ ಒಂದು ದಿನವೂ ರೇಗಲಿಲ್ಲ. ರೇಗಿದ್ದರೆ ಹಗುರಾಗುತ್ತಿತ್ತೇನೋ. ಕಾರು ಹಿತ್ತಲಿನ ಹೊಂಗೆಮರದಡಿ ನಿಂತಿತು. ಕೈ ಕೂಡಿದ ಮೇಲೆ ತಾವೇ ಸರಿಮಾಡುವುದಾಗಿ ಹೇಳಿ ಸ್ಪ್ಯಾನರ್‌ಗಳಿಗೆ ಎಣ್ಣೆ ಹಚ್ಚಿಸಿಟ್ಟಿದ್ದರು. ಮಣಿಕಟ್ಟು ಕೂಡಿತು, ಆದರೆ ಸೊಟ್ಟಗೆ. ಒಂದು ನಟ್ ಬಿಚ್ಚಲೂ ಅದರಲ್ಲಿ ಶಕ್ತಿ ಉಳಿಯಲಿಲ್ಲ.

ಮಳೆಗಾಲದಲ್ಲಿ ಎದುರುಮನೆಯ ಹುಡುಗಿಗೆ ಹೆರಿಗೆ ನೋವು ಬಂತು. ಜಟಕಾ ಬಂದು ನಿಂತಾಗ ಮಾವ ಒಳಗೆ ಹೋಗಿ, ಕಾರಿನ ದುಪ್ಪಟಿಯನ್ನು ತಂದು ಗಾಡಿಯೊಳಗಿನ ಹುಲ್ಲಿನ ಮೇಲೆ ಹಾಸಿಕೊಟ್ಟರು. ಗಾಡಿ ತಿರುವು ದಾಟಿ ಹೋಗುವವರೆಗೂ ಬೀದಿಯಲ್ಲೇ ನಿಂತಿದ್ದರು. ಹೆರಿಗೆ ದಾರಿಯಲ್ಲೇ ಆಯಿತೆಂದು ಆಮೇಲೆ ತಿಳಿಯಿತು. ಪುಣ್ಯಕ್ಕೆ ತಾಯಿ ಮಗು ಇಬ್ಬರೂ ಉಳಿದರು.

ತಿಂಗಳು ಕಳೆದ ಮೇಲೆ ಅವಳು ಕೂಸನ್ನೆತ್ತಿಕೊಂಡು ಬಂದಳು. ಒಗೆದ ದುಪ್ಪಟಿಯನ್ನು ನನ್ನ ಕೈಗೆ ಕೊಟ್ಟು, ಮಾವನ ಮುಂದೆ ಬಗ್ಗಿ ತಾಂಬೂಲ ನೀಡಿದಳು. ಮಾವ ಎಲೆ ಅಡಿಕೆಯನ್ನು ಕಣ್ಣಿಗೊತ್ತಿಕೊಂಡರು. ನಾಣ್ಯವನ್ನು ಮಾತ್ರ ಎತ್ತಿ ಅವಳ ಅಂಗೈಗೆ ವಾಪಸು ಹಾಕಿದರು.

ಅವಳ ಮುಖ ಸಣ್ಣದಾಯಿತು. “ಯಾಕೆ ತಾತ? ನಮ್ ಕೂಸಿಗೆ ಆಶೀರ್ವಾದ ಮಾಡಲ್ವಾ?”

“ಮಾಡ್ದೆ ಕಣವ್ವ. ಕಾಸು ಬೇಡ. ಅದು ಬಾಡಿಗೆ ಆಗ್ತದಂತೆ.”

ದುಪ್ಪಟಿಯನ್ನು ಅವಳು ಅಡ್ಡಕ್ಕೆ ನಾಲ್ಕು ಮಡಿಕೆ ಮಾಡಿ ತಂದಿದ್ದಳು. ಒಳಗೆ ಹೋಗಿ ಬಿಚ್ಚಿ, ಉದ್ದಕ್ಕೆ ಮೂರು, ಅಡ್ಡಕ್ಕೆ ಎರಡು ಮಡಿಸಿದೆ. ಮಡಿಸಿದ ಮೇಲೆ ಎಲ್ಲಿಡಬೇಕೆಂದು ತಿಳಿಯದೆ ಅದನ್ನು ಹಿಡಿದುಕೊಂಡೇ ನಿಂತಿದ್ದೆ.