ಬಸಿರಿಗೂ ಮೊದಲೇ ವಿಚಾರಿಸುವ ತೂಕದಕ್ಕ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಹೆರಿಗೆ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಹೆಂಗಸೊಬ್ಬರು ತೂಕದ ಯಂತ್ರವನ್ನು ತಾವೇ ಹತ್ತಿ ಇಳಿಯುತ್ತಾರೆ. ಮುಳ್ಳು ಸೊನ್ನೆಗೆ ಮರಳಿತೇ ಎಂದು ಬಗ್ಗಿ ನೋಡುತ್ತಾರೆ. ಆಮೇಲೆ ಯಂತ್ರವನ್ನು ಪರದೆಯ ಹಿಂದಕ್ಕೆ ಎಳೆದಿಡುತ್ತಾರೆ. "ಸಾಲಲ್ಲಿ ನಿಂತವರಿಗೆಲ್ಲ ಒಬ್ಬಳ ತೂಕ ಯಾಕೆ ಕಾಣಬೇಕು?"

ಆಸ್ಪತ್ರೆಯ ಈ ಸಹಾಯಕಿಯನ್ನು ಎಲ್ಲರೂ ಕರೆಯುವುದು ತೂಕದಕ್ಕ ಎಂದೇ. ಮಗು ಬೇಕೆನ್ನುವ ಹೆಂಗಸರನ್ನು ಬಸಿರಿಗೂ ಮೊದಲೇ ಕರೆಸಿ ತೂಕ ನೋಡುತ್ತಾರೆ. ತೀರಾ ಕಡಿಮೆಯಿರಲಿ, ತೀರಾ ಹೆಚ್ಚಿರಲಿ, ಡಾಕ್ಟರಮ್ಮನ ಬಳಿ ಕಳಿಸುತ್ತಾರೆ. ಹೆರಿಗೆಯಾದ ಮೇಲೆ ಮನೆಗೇ ಹೋಗಿ ಕೂಸಿನ ಕತ್ತು ನಿಂತಿತೇ, ಕೂತಿತೇ, ಕರೆದರೆ ತಿರುಗುತ್ತದೆಯೇ ಎಂದು ವಿಚಾರಿಸುತ್ತಾರೆ. ಬಸಿರಿಗೆ ಮುಂಚಿನ ತಾಯಿಯ ತೂಕಕ್ಕೂ ಮಗುವಿನ ಬೆಳವಣಿಗೆಗೂ ನಂಟಿದೆ ಎನ್ನುತ್ತಾರೆ ಡಾಕ್ಟರಮ್ಮ. ಅದೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ ಎಂಬುದನ್ನೂ ಅಷ್ಟೇ ಒತ್ತಿ ಹೇಳುತ್ತಾರೆ.

ಅಕ್ಕ ಈ ಕೆಲಸಕ್ಕೆ ಬಂದದ್ದು ಮಗಳ ದೆಸೆಯಿಂದ. ಮದುವೆಯಾದಾಗ ಗಿರಣಿಯಲ್ಲಿ ನೂಲು ಸುತ್ತುತ್ತಿದ್ದರು, ಕಡ್ಡಿಯಂತಿದ್ದರು. ಮೊದಲ ಕೂಸು ಅಂಗೈಯಗಲ ಹುಟ್ಟಿತು. ನಡಿಗೆಯೂ ಮಾತೂ ತಡವಾಗಿ, ಅಕ್ಕಪಕ್ಕದವರು ಆಡಿಕೊಂಡರು. ಇದೇ ಆಸ್ಪತ್ರೆಯ ನರ್ಸಮ್ಮ ಮಾತ್ರ ಮಗುವನ್ನು ಆಡಿಸುವ, ಮಾತಾಡಿಸುವ ಬಗೆ ಕಲಿಸಿದರು. ಆ ಮಗಳೀಗ ಬಾಯಿ ತೆಗೆದರೆ ಮುಚ್ಚಿಸುವುದೇ ಕಷ್ಟ. "ನಂಗೆ ಮೊದಲೇ ಯಾರಾದ್ರೂ ಹೇಳಬಾರದಿತ್ತಾ ಅನ್ನಿಸ್ತು. ಸರಿ, ಹೇಳೋಳು ನಾನೇ ಆಗ್ತೀನಿ ಅಂತ ಬಂದೆ."

ಈಚೆಗೆ ಅವರಿಗೆ ತಲೆನೋವಾದದ್ದು ದರ್ಜಿಯ ಮನೆ. ಸೊಸೆಯದು ದಪ್ಪ ಮೈ. ಕೂಸು ವಾರಿಗೆಯ ಮಕ್ಕಳಂತೆ ಇನ್ನೂ ಕೂರುತ್ತಿರಲಿಲ್ಲ. ನಿನ್ನ ಮೈಯೇ ಮಗುವಿಗೆ ಮುಳುವಾಯಿತು ಎಂದು ಅತ್ತೆ ಅಂದದ್ದೇ ತಡ, ಸೊಸೆ ಆಸ್ಪತ್ರೆಗೆ ಬರುವುದನ್ನೇ ಬಿಟ್ಟಳು. ಅಕ್ಕ ಮನೆಗೇ ಹೋದರು. ಸೂಜಿ, ಕತ್ತರಿ ಬಿದ್ದಿರುವ ನೆಲಕ್ಕೆ ಇಳಿಸಲು ಹೆದರಿ ಕೂಸನ್ನು ಇಡೀ ದಿನ ತೊಟ್ಟಿಲಲ್ಲೇ ಇಟ್ಟಿದ್ದು ಕಣ್ಣಿಗೆ ಬಿತ್ತು. ಅತ್ತೆಯನ್ನು ಪಕ್ಕ ಕೂರಿಸಿಕೊಂಡರು.

"ಅಮ್ಮಾ, ನಾವು ತೂಕ ಕೇಳೋದು ತಾಯಿಗೆ ನೆರವಾಗೋಕೆ, ತಪ್ಪು ಹೊರಿಸೋಕಲ್ಲ. ಅವಳನ್ನ ಬೈದ್ರೆ ಕೂಸು ಬೇಗ ಕೂರುತ್ತಾ? ಒಂದು ಮೂಲೆ ಗುಡಿಸಿ ಅದಕ್ಕೆ ಬಿಟ್ಟುಕೊಡಿ."

ಅತ್ತೆ ಮುಖ ಊದಿಸಿಕೊಂಡೇ ಮೂಲೆ ಬಿಟ್ಟುಕೊಟ್ಟರು. ಅಕ್ಕ ತಾಯಿ, ಮಗು ಇಬ್ಬರನ್ನೂ ಡಾಕ್ಟರಮ್ಮನಿಗೆ ತೋರಿಸಿದರು. ಇದನ್ನು ಬರೆಯಲೆಂದು ನಾನು ಆ ಮನೆಗೆ ಹೋದಾಗ ಮೊಮ್ಮಗ ಚಾಪೆಯ ಮೇಲೆ ತಾನೇ ಕೂತು, ಖಾಲಿ ದಾರದ ರೀಲನ್ನು ಬಾಯಿಗಿಡಲು ನೋಡುತ್ತಿದ್ದ. ಅದನ್ನು ಕಸಿದುಕೊಳ್ಳುವವರು ಅತ್ತೆ. ಅವನ ಬಗ್ಗೆ ಬಂದವರ ಮುಂದೆಲ್ಲ ಬಡಾಯಿ ಕೊಚ್ಚುವವರೂ ಅವರೇ. ಎರಡನೆಯ ಕೂಸಿಗೆ ಅವಸರವಿಲ್ಲ, ಮೊದಲು ತೂಕ ಇಳಿಸಿಕೊಳ್ಳುತ್ತೇನೆ ಎನ್ನುತ್ತಾಳೆ ಸೊಸೆ. ಸಂಜೆ ಗಂಡನನ್ನೂ ಕರೆದುಕೊಂಡು ನಡೆಯಲು ಹೊರಡುತ್ತಾಳೆ.

ಅಕ್ಕನಿಗೆ ಇನ್ನೇನು ಆಸೆ? ಕೇಳಿದರೆ ನಗುತ್ತಾರೆ. "ಬಸಿರಾದ ಮೇಲೆ ಹೆಂಗಿದ್ದೀಯ, ಉಂಡ್ಯಾ ಅಂತ ಎಲ್ಲರೂ ಕೇಳ್ತಾರೆ. ಅದಕ್ಕೂ ಮೊದಲು ಕೇಳೋರು ಬೀದಿಗೊಬ್ಬರಿದ್ದರೆ ಸಾಕು. ಈ ಬೀದಿಗೆ ನಾನಿದ್ದೀನಿ."