ಗುಡ್ಡದ ಪದ ಕಲಿಸುವ ಸುಂಕಮ್ಮನಿಗೆ ದನಿಯದೇ ದಿಗಿಲು

ಬೆಳಗಿನ ಆರು ಗಂಟೆ. ಸಂಡೂರಿನ ಗುಡ್ಡದ ಬುಡದಲ್ಲಿರುವ ಹಳ್ಳಿಯೊಂದರ ಶಾಲೆ. ಜಗುಲಿಯ ಮೇಲೆ ಹನ್ನೊಂದು ಮಕ್ಕಳು ಕುಳಿತಿದ್ದಾರೆ. ಎದುರಿಗೆ ಅರವತ್ತೆರಡರ ಸುಂಕಮ್ಮ, ಕೈಯಲ್ಲಿ ದಮ್ಮಡಿ ಎಂಬ ಪುಟ್ಟ ತಮಟೆ. ಅದಿರಿನ ಲಾರಿಗಳ ಸದ್ದು ಶುರುವಾಗುವ ಮೊದಲು ಒಂದು ಪದವಾದರೂ ಮುಗಿಯಬೇಕು.

"ಇಳಿದು ಬಾರವ್ವ ಕೆಂದೀ, ಹೊತ್ತು ಮುಳುಗೈತಿ..."

ಕೆಂದಿ ಎಂಬ ಹಸುವನ್ನು ಗುಡ್ಡದಿಂದ ಕರೆಯುವ ಪದ. ಐದನೇ ತರಗತಿಯ ದೇವಿಕಾ ಹಾಡುತ್ತಾಳೆ. ಸ್ವರ ಏರುವ ಜಾಗದಲ್ಲಿ ಅವಳ ದನಿ ಬಿರಿದು ಕೆಳಗೆ ಜಾರುತ್ತದೆ. ಉಳಿದ ಹತ್ತೂ ಮಕ್ಕಳ ದನಿ ಅಲ್ಲೇ, ಹಾಗೆಯೇ ಬಿರಿಯುತ್ತದೆ. ಸುಂಕಮ್ಮನ ಕೈ ನಿಂತುಬಿಡುತ್ತದೆ.

"ಅದು ಪದ ಅಲ್ಲವ್ವ," ಎನ್ನುತ್ತಾರೆ ಪಿಸುದನಿಯಲ್ಲಿ. "ಅದು ನನ್ನ ಬ್ಯಾನಿ."

ಸುಂಕಮ್ಮ ಇದೇ ಶಾಲೆಯ ಬಿಸಿಯೂಟದ ಅಡುಗೆಯವರು. ದಿನಾ ನೂರಾ ನಲವತ್ತು ಮಕ್ಕಳಿಗೆ ಅನ್ನ, ಸಾರು. ಒಲೆ ಹಚ್ಚುವ ಮುಂಚಿನ ಒಂದೂವರೆ ತಾಸು ಪದಗಳಿಗೆ ಮೀಸಲು. ಏಳು ವರ್ಷದಿಂದ ಹೀಗೆ. ದನ ಮೇಯಿಸುತ್ತ ಗುಡ್ಡದ ಮೇಲೆ ಹಾಡುತ್ತಿದ್ದ ಇಪ್ಪತ್ತೇಳು ಪದಗಳು ಅವರಿಗೆ ತಾಯಿ ಹಂಪಮ್ಮನಿಂದ ಬಂದವು. ಈಗ ಆ ಗುಡ್ಡಕ್ಕೆ ಗಣಿಯ ಬೇಲಿ ಬಂದಿದೆ. ಆ ಪದಗಳನ್ನು ಪೂರ್ತಿ ಬಲ್ಲವರು ಊರಿನಲ್ಲಿ ಇವರೊಬ್ಬರೇ.

ಹೋದ ದೀಪಾವಳಿಯಿಂದ ದನಿ ಒಡೆಯತೊಡಗಿದೆ. ಈ ಹನ್ನೊಂದು ಮಕ್ಕಳು ಕಲಿಯಲು ಬಂದದ್ದು ಅದರ ನಂತರ; ಮೊದಲು ಕಲಿತವರು ಓದಿಗೆಂದು ಊರು ಬಿಟ್ಟಿದ್ದಾರೆ. ಗಂಟಲಲ್ಲಿ ಗಂಟು ಇದೆ, ಆಪರೇಷನ್ ಆಗಬೇಕು, ದನಿ ಮೊದಲಿನಂತೆ ಬರುವ ಖಾತ್ರಿಯಿಲ್ಲ ಎಂದಿದ್ದಾರೆ ಹೊಸಪೇಟೆಯ ಡಾಕ್ಟರು. ಮೇಷ್ಟ್ರು ವೀರೇಶ್ ಪದಗಳನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದಾರೆ. ಆದರೆ ಅಷ್ಟರಲ್ಲೇ ತಡವಾಗಿತ್ತು. ಅದರಲ್ಲೂ ಅದೇ ಒಡಕು.

"ಗಂಟಿನ ಹೆದರಿಕಿ ಐತ್ರಿ, ಸುಳ್ಳ ಯಾಕ ಹೇಳ್ಲಿ? ಆದ್ರ ಹುಡುಗ್ರು ನನ್ನ ಒಡಕು ದನಿನ ಪದ ಅಂತ ಕಲ್ತುಬಿಟ್ಟಾರ. ನಾಳಿ ತಮ್ಮ ಮಕ್ಕಳಿಗೂ ಹಂಗ ಹೇಳ್ಕೊಡ್ತಾರ. ನಾನ ಕೆಡಿಸಿದ್ನೇನೋ ಅಂತ ಭಾಳ ಸಂಕಟ ಆಗ್ತೈತಿ," ಎನ್ನುತ್ತಾರೆ ಸುಂಕಮ್ಮ ನನ್ನ ಮುಂದೆ.

ಅಂದು ಮಧ್ಯಾಹ್ನ ಪಾತ್ರೆ ತೊಳೆದಿಟ್ಟವರೇ ಬಸ್ಸು ಹತ್ತುತ್ತಾರೆ. ಹೊಸಪೇಟೆ, ಕಂಪ್ಲಿ, ಅಲ್ಲಿಂದ ಎಮ್ಮಿಗನೂರು. ನಲವತ್ತು ವರ್ಷದ ಹಿಂದೆ ಭತ್ತದ ಕೆಲಸಕ್ಕೆಂದು ಹೋಗಿ ಅಲ್ಲೇ ಉಳಿದ ಅಣ್ಣ ಗಾಳೆಪ್ಪನ ಮನೆಗೆ. ಅವ್ವ ಪದ ಹಾಡುವಾಗ ಜೊತೆಗೆ ದನ ಕಾಯುತ್ತಿದ್ದವರು ಅವರು.

"ಒಂದು ಮಾತೂ ನೆಪ್ಪಿಲ್ಲ ತಂಗಿ," ಎನ್ನುತ್ತಾರೆ ಗಾಳೆಪ್ಪ.

ಸುಂಕಮ್ಮ ಪಕ್ಕದಲ್ಲಿ ಕುಳಿತು ಪದವನ್ನು ಪಿಸುಗುಡುತ್ತಾರೆ. ಮೂರನೇ ಸಾಲಿಗೆ ಅಣ್ಣ, ತನಗೇ ತಿಳಿಯದಂತೆ, ಸಿಳ್ಳೆ ಹಾಕತೊಡಗುತ್ತಾರೆ. ಹುಡುಗನಾಗಿದ್ದಾಗ ಅದೇ ಪದದ ಧಾಟಿಯಲ್ಲಿ ದನ ಕರೆಯುತ್ತಿದ್ದ ಸಿಳ್ಳೆ. ಏರುವ ಜಾಗದಲ್ಲಿ ಅದು ಒಡೆಯದೆ ನೆಟ್ಟಗೆ ಮೇಲೇರುತ್ತದೆ.

"ಅವ್ವನ ದನಿ ಕೇಳಿದಂಗಾತಣ್ಣ," ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ ಸುಂಕಮ್ಮ.

ಭಾನುವಾರ ಶಾಲೆಯ ಜಗುಲಿಯ ಮೇಲೆ ಗಾಳೆಪ್ಪ ಇದ್ದಾರೆ. ಅವರು ಸಿಳ್ಳೆ ಹಾಕುತ್ತಾರೆ, ದೇವಿಕಾ ಹಾಡುತ್ತಾಳೆ. ಮೊದಲ ಸಲ ದನಿ ಬಿರಿಯುತ್ತದೆ. ಎರಡನೆಯ, ಮೂರನೆಯ ಸಲವೂ. ಹುಡುಗಿಯ ಮುಖ ಸಪ್ಪಗಾಗುತ್ತದೆ. ಸುಂಕಮ್ಮ ಮತ್ತೆ ದಮ್ಮಡಿ ಬಡಿಯುತ್ತಾರೆ. ನಾಲ್ಕನೆಯ ಸಲ ದನಿ ಸಿಳ್ಳೆಯನ್ನು ಹಿಡಿದು ಏರಿ, ಮೇಲೆಯೇ ನಿಲ್ಲುತ್ತದೆ. ಉಳಿದವರು ಒಬ್ಬೊಬ್ಬರಾಗಿ ಕೂಡಿಕೊಳ್ಳುತ್ತಾರೆ.

ಇದೊಂದು ಪದ ಸರಿಯಾಗಿದೆ. ಇನ್ನೂ ಇಪ್ಪತ್ತಾರು ಬಾಕಿ. ಅಣ್ಣ ಎಷ್ಟು ದಿನ ಊರಲ್ಲಿ ಉಳಿದಾರೋ ಗೊತ್ತಿಲ್ಲ. ಮಂಗಳವಾರವೇ ಸುಂಕಮ್ಮನ ಆಪರೇಷನ್.

ದನಿ ವಾಪಸು ಬಾರದಿದ್ದರೆ? ಕೇಳಲು ನನಗೇ ಅಳುಕು. ಸುಂಕಮ್ಮ ಹೇಳುತ್ತಾರೆ:

"ಕಿವಿ ಅದಾವಲ್ರಿ. ಹುಡುಗ್ರು ತಪ್ಪಿದ್ರ ಗೊತ್ತಾಗ್ತೈತಿ. ಅಷ್ಟು ಸಾಕು ನನಗ."