ನಗಬಾರದ ಫೋಟೋ

ನನ್ನ ಮೇಜಿನ ಮೇಲೆ ಒಂದು ಪುಟ್ಟ ಲಕೋಟೆ ಇದೆ. ಅದರೊಳಗೆ ಎರಡು ಪಾಸ್‌ಪೋರ್ಟ್ ಫೋಟೋಗಳು. ಬ್ರಿಸ್ಬೇನಿನಲ್ಲಿ ನಮ್ಮ ಮನೆಗೆ ಹತ್ತಿರದ ಸನ್ನಿಬ್ಯಾಂಕ್ ಬಡಾವಣೆಯ ಔಷಧಿ ಅಂಗಡಿಯಲ್ಲಿ ಇವತ್ತು ಬೆಳಿಗ್ಗೆಯಷ್ಟೇ ತೆಗೆಸಿದ್ದು. ಮೂಗಿನ ಹತ್ತಿರ ಹಿಡಿದರೆ ಹೊಸ ಕಾಗದದ ವಾಸನೆ ಇನ್ನೂ ಇದೆ. ಫೋಟೋದಲ್ಲಿರುವವನು ನವೀನ. ಅವನಿಗೆ ಮೊದಲ ಆಸ್ಟ್ರೇಲಿಯನ್ ಪಾಸ್‌ಪೋರ್ಟ್ ಆಗಬೇಕಾಗಿದೆ. ಈ ದೇಶದಲ್ಲಿ ಅದಕ್ಕೊಂದು ಪದ್ಧತಿ ಉಂಟು: ಅರ್ಜಿದಾರನನ್ನು ಬಲ್ಲವರೊಬ್ಬರು ಆ ಫೋಟೋದ ಬೆನ್ನ ಮೇಲೆ 'ಇದು ಇಂಥವರ ನಿಜವಾದ ಫೋಟೋ' ಎಂದು ಕೈಯಾರೆ ಬರೆದು ಸಹಿ ಹಾಕಬೇಕು. ಆ ಬಲ್ಲವನು ನಾನು. ಬರೆಯಬೇಕಾದ್ದು ಒಂದೇ ಸಾಲು, ಆದರೆ ಪೆನ್ನಿನ ಮುಚ್ಚಳ ತೆಗೆದು ಅರ್ಧ ಗಂಟೆಯಾಗಿದೆ. ನವೀನ ಹಿತ್ತಲಲ್ಲಿ ನನ್ನ ಹೆಂಡತಿ ವೀಣಾಳ ಜೊತೆ ಕರಿಬೇವಿನ ಗಿಡ ನೋಡುತ್ತ ನಿಂತಿದ್ದಾನೆ.

ನೀವೂ ಇಂಥ ಫೋಟೋ ತೆಗೆಸಿಕೊಂಡಿರುತ್ತೀರಿ. ನಗಬಾರದು, ಕತ್ತು ವಾಲಿಸಬಾರದು, ಹಲ್ಲು ಕಾಣಬಾರದು. ಎಂಥ ಸಂಭಾವಿತನೂ ಅದರಲ್ಲಿ ಸರಗಳ್ಳನ ಹಾಗೆ ಕಾಣುತ್ತಾನೆ. ನನ್ನ ಪಾಸ್‌ಪೋರ್ಟ್ ನೋಡಿದ ದಿನ ವೀಣಾ, "ನಾನಾಗಿದ್ರೂ ಇವರನ್ನ ದೇಶದೊಳಗೆ ಬಿಡ್ತಿರಲಿಲ್ಲ" ಎಂದಿದ್ದಳು. ನವೀನನ ಇಂಥದೇ ಇನ್ನೊಂದು ಫೋಟೋವನ್ನು ನಾನು ಆರು ವರ್ಷದ ಹಿಂದೆ ನೋಡಿದ್ದೆ. ಅದನ್ನು ತೆಗೆದವರು ಅಮೆರಿಕದ ಒಂದು ಕೌಂಟಿಯ ಪೊಲೀಸರು.

ಅದು ಎರಡು ಸಾವಿರದ ಹದಿಮೂರು. ಮೈಸೂರಿನಿಂದ ಅಕ್ಕ ಫೋನು ಮಾಡಿದಳು. ಅವಳ ಮಗಳು ದೀಪಾ ಆಗ ಅಡಿಲೇಡಿನ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಅವಳಿಗೊಂದು ಸಂಬಂಧ ಬಂದಿತ್ತು. ಹುಡುಗ ನವೀನ, ಹಾಸನದ ಕಡೆಯವನು, ಪರ್ತ್‌ನಲ್ಲಿ ಎಂಜಿನಿಯರು, ಅದಕ್ಕೆ ಮೊದಲು ಮೂರು ವರ್ಷ ಅಮೆರಿಕದಲ್ಲಿದ್ದವನು. ಹುಡುಗ ಹುಡುಗಿ ವಿಡಿಯೋದಲ್ಲಿ ಮಾತಾಡಿ ಒಪ್ಪಿಕೊಂಡಿದ್ದರು. ಅಕ್ಕನ ಮನೆಯ ಜೋಯಿಸರೇ ಜಾತಕ ಹೊಂದಿಸಿ ಕೊಟ್ಟಿದ್ದರು. ಇನ್ನು ಉಳಿದದ್ದು ವಿಚಾರಿಸುವುದು.

"ನೀನು ಅಲ್ಲೇ ಇದೀಯಲ್ಲೋ, ಹೋಗಿ ವಿಚಾರಿಸ್ಕೊಂಡು ಬಾ."

"ಅಕ್ಕ, ಬ್ರಿಸ್ಬೇನಿಂದ ಪರ್ತ್‌ಗೆ ವಿಮಾನದಲ್ಲೇ ಐದು ಗಂಟೆ."

"ಐದು ಗಂಟೆ ತಾನೆ? ಬೆಂಗಳೂರಿಗೆ ಬಸ್ಸಲ್ಲಿ ಹೋದ ಹಾಗಾಯ್ತು. ಸೋದರಮಾವ ಅಂತ ಇರೋನು ನೀನೊಬ್ಬ."

ನಮ್ಮಲ್ಲಿ ಸೋದರಮಾವನಿಗೆ ಒಂದು ಗತ್ತು ಇದೆ. ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರುವವನು ಅವನು. ಎಲ್ಲಿಗೆ ಕರೆದೊಯ್ಯುತ್ತಿದ್ದೇನೆ ಎಂಬುದು ಅವನಿಗೆ ಗೊತ್ತಿರಬೇಡವೇ? ಈ ವಿಷಯದಲ್ಲಿ ನಮ್ಮಪ್ಪ ಇಡೀ ಬಳಗಕ್ಕೇ ಹೆಸರಾಗಿದ್ದರು. ಗಂಡಿನ ಮನೆಯ ಬೀದಿಗೆ ಹೋಗಿ ಇಸ್ತ್ರಿ ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ಅಂಗಿಯ ಕಾಲರು, ಜೇಬು, ಎಲ್ಲವೂ ಇಸ್ತ್ರಿಯವನ ಕೈಮೇಲೆ ಹಾದು ಹೋಗುತ್ತದೆ, ಅವನಿಗೆ ಗೊತ್ತಿಲ್ಲದ ಗುಟ್ಟೇ ಇಲ್ಲ ಎನ್ನುವುದು ಅವರ ಸಿದ್ಧಾಂತ. ಆಮೇಲೆ ಎದುರುಮನೆಯವರು, ಹಾಲಿನವರು. ಎಲ್ಲ ಮುಗಿದ ಮೇಲೆ ಹುಡುಗನನ್ನೇ ಹೋಟೆಲಿಗೆ ಕರೆದುಕೊಂಡು ಹೋಗಿ ಎದುರು ಕೂರಿಸಿ ಕಾಫಿ ಕುಡಿಸುತ್ತಿದ್ದರು. "ಊರೋರು ಹೇಳೋದು ಅರ್ಧ. ಇನ್ನರ್ಧ ಅವನ ಮುಖದಲ್ಲೇ ಇರುತ್ತೆ" ಎನ್ನುತ್ತಿದ್ದರು. ಅಪ್ಪನ ವಿದ್ಯೆ ನನಗೂ ಬಂದಿದೆ ಎಂದುಕೊಂಡಿದ್ದೆ. ಬಂದದ್ದು ಮೊದಲರ್ಧ ಮಾತ್ರ.

ಪರ್ತ್‌ನಲ್ಲಿ ಇಸ್ತ್ರಿ ಅಂಗಡಿ ಎಲ್ಲಿ ಹುಡುಕಲಿ? ಗೆಳೆಯರನ್ನು ಕೇಳಿ ಕೇಳಿ, ಅಲ್ಲಿನ ಕ್ಯಾನಿಂಗ್ಟನ್ ಬಡಾವಣೆಯಲ್ಲಿ ನವೀನನ ಪಕ್ಕದ ಮನೆಯ ಲಿಲ್ಲಿ ಆಂಟಿಯ ನಂಬರು ಸಂಪಾದಿಸಿದೆ. ಮಂಗಳೂರಿನ ಕಡೆಯವರು, ಕುವೈತಿನಲ್ಲಿ ಇಪ್ಪತ್ತು ವರ್ಷ ನರ್ಸಾಗಿದ್ದು ಬಂದವರು.

"ಹುಡುಗ ಚಿನ್ನ ಮಾರಾಯ್ರೆ" ಎಂದರು. "ಬುಧವಾರ ಬುಧವಾರ ಅವನ ಬಿನ್ ಜೊತೆ ನನ್ನ ಬಿನ್ನೂ ರೋಡಿಗೆ ತಂದಿಡ್ತಾನೆ. ಸಂಜೆ ಒಳಗೆ ತಂದೂ ಇಡ್ತಾನೆ. ಇನ್ನು ಎಂತ ಬೇಕು ನಿಮ್ಗೆ?"

ಕಸದ ಡಬ್ಬಿ ಹೊರಗಿಡುವವನು ಒಳ್ಳೆಯವನು ಎಂದು ಅಕ್ಕನಿಗೆ ಹೇಳುವುದು ಹೇಗೆ? ನನ್ನ ಸ್ವಭಾವವೇ ಹಾಗೆ. ಯಾರಾದರೂ ಏನಾದರೂ ಕೊಂಕು ಹೇಳಿದ್ದರೆ ನೆಮ್ಮದಿಯಾಗಿರುತ್ತಿದ್ದೆ. ಎಲ್ಲವೂ ಸರಿಯಿದೆ ಎಂದಾಗಲೇ ನನಗೆ ಅನುಮಾನ ಶುರುವಾಗುತ್ತದೆ. ಏನೋ ಮುಚ್ಚಿಟ್ಟಿದ್ದಾರೆ ಅನಿಸುತ್ತದೆ.

ಒಂದು ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಕುಳಿತೆ. ಆಸ್ಟ್ರೇಲಿಯದಲ್ಲಿ ಇನ್ನೊಬ್ಬರ ಪೊಲೀಸ್ ದಾಖಲೆ ನಮ್ಮಂಥವರ ಕೈಗೆ ಸಿಗುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ ಎಂದು ಆವತ್ತೇ ನನಗೆ ಗೊತ್ತಾದದ್ದು. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಕೆಲವು ಕೌಂಟಿಗಳ ಪೊಲೀಸರು ಬಂಧಿಸಿದವರ ಹೆಸರು, ವಯಸ್ಸು, ಎತ್ತರ, ತೂಕ ಎಲ್ಲವನ್ನೂ, ಒಳಗೆ ಹಾಕುವ ಮುಂಚೆ ತೆಗೆದ ಫೋಟೋ ಸಮೇತ ಲೋಕಕ್ಕೆಲ್ಲ ತೆರೆದಿಟ್ಟಿರುತ್ತಾರೆ. ಕ್ಯಾಲಮ್‌ವೇಲ್‌ನಲ್ಲಿ ನನ್ನ ಮನೆಯೊಳಗೆ ಲುಂಗಿ ಉಟ್ಟು ಕೂತ ನಾನೂ ನೋಡಬಹುದು. ನವೀನ ಇದ್ದ ಊರು ಬಯೋಡೇಟಾದಲ್ಲಿತ್ತು. ಕೌಂಟಿ ಹುಡುಕಿದೆ, ಹೆಸರು ತುಂಬಿದೆ. ಏನೂ ಸಿಗದಿರಲಿ ಎಂದು ಬೇಡಿಕೊಂಡೆ ಎಂದರೆ ಸುಳ್ಳಾಗುತ್ತದೆ. ಏನಾದರೂ ಸಿಕ್ಕೀತೇ ಎಂಬ ಆಸೆಯೂ ಒಂದು ಮೂಲೆಯಲ್ಲಿತ್ತು.

ಸಿಕ್ಕಿತು. ಬೂದು ಗೋಡೆಯ ಮುಂದೆ ನವೀನ. ಕೂದಲು ಕೆದರಿದೆ, ಕಣ್ಣು ಕ್ಯಾಮೆರಾದ ಸ್ವಲ್ಪ ಕೆಳಗೆ ನೋಡುತ್ತಿದೆ. ಊರಿನ ಹೆಸರು, ಅಪ್ಪನ ಹೆಸರು, ತನ್ನ ಹೆಸರು ಮೂರನ್ನೂ ಹೊತ್ತ ಅಷ್ಟುದ್ದದ ಹೆಸರು ಆ ಕೌಂಟಿಯಲ್ಲಿ ಇನ್ನೊಬ್ಬನಿಗೆ ಇರಲಾರದು. ಆರೋಪದ ಜಾಗದಲ್ಲಿ ಯಾವುದೋ ಕಾನೂನಿನ ನಂಬರು. ಅದರ ಅರ್ಥವೇನೆಂದು ಹುಡುಕಬಹುದಿತ್ತು, ಹುಡುಕಲಿಲ್ಲ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ 'ಬಂಧನವಾದ ಮಾತ್ರಕ್ಕೆ ಅಪರಾಧಿಯಲ್ಲ' ಎಂದಿತ್ತು. ಓದಿದೆ, ಆದರೆ ಮನಸ್ಸಿಗೆ ಇಳಿಯಲಿಲ್ಲ. ಮುಖ ನೋಡಿಯಾಗಿತ್ತಲ್ಲ.

ವೀಣಾಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ಪಾಪ, ಎಷ್ಟು ಹೆದರಿದಾನೆ" ಎಂದಳು. ನನಗೆ ಹೆದರಿಕೆ ಕಂಡಿರಲಿಲ್ಲ. ಕಳ್ಳತನ ಕಂಡಿತ್ತು.

"ಅವನ ನಂಬರ್ ಇದೆಯಲ್ರೀ, ಅವನನ್ನೇ ಕೇಳಿ."

"ಏನಂತ ಕೇಳ್ಲಿ? ಏನಪ್ಪಾ, ಯಾಕೆ ಅರೆಸ್ಟ್ ಆಗಿದ್ದೆ ಅಂತಲಾ?"

"ಹೂಂ, ಹಂಗೇ."

ಕೇಳಲಿಲ್ಲ. ಮರ್ಯಾದಸ್ಥರು ಹಾಗೆಲ್ಲ ನೇರವಾಗಿ ಕೇಳುವುದುಂಟೇ? ನಮ್ಮಲ್ಲಿ ಸಂಬಂಧ ಬೇಡವೆನ್ನಲು ಹಿಂದಿನಿಂದ ಬಂದ ಒಂದು ಉಪಾಯವಿದೆ. ಯಾರಿಗೂ ನೋವಾಗದ ಹಾಗೆ ಜಾತಕ ಕೂಡಿಬರಲಿಲ್ಲ ಎಂದು ಹೇಳಿಬಿಡುವುದು. ನಾನು ಅಕ್ಕನಿಗೆ ಫೋನು ಮಾಡಿ, "ಈ ಸಂಬಂಧ ಬೇಡ. ಯಾಕೆ ಅಂತ ಕೇಳ್ಬೇಡ. ಜಾತಕ ಕೂಡ್ಲಿಲ್ಲ ಅಂತ ಹೇಳ್ಬಿಡು" ಎಂದೆ.

ಯಾಕೆ ಅಂತ ಕೇಳಬೇಡ ಎಂದರೆ ಅಕ್ಕ ಕೇಳದೆ ಇರುತ್ತಾಳೆಯೇ? ಒಂದೇ ದಿನದಲ್ಲಿ ನಾಲ್ಕು ಸಲ ಫೋನು ಬಂತು. ಅವನಿಗೆ ಅಲ್ಲೊಂದು ಸಂಸಾರ ಇದೆಯಾ? ಕುಡೀತಾನಾ? ಕಾಯಿಲೆಯಾ? ಅವಳ ಉಸಿರಾಟ ಕೇಳಿ ನನಗೇ ಭಯವಾಯಿತು. ಕೊನೆಗೆ ಫೋಟೋದ ವಿಷಯ ಹೇಳಿಬಿಟ್ಟೆ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡು.

ಅಕ್ಕ ಆಣೆ ಮೀರದೆ ಹುಡುಗನ ತಾಯಿಗೆ ಜಾತಕದ ಮಾತನ್ನೇ ಹೇಳಿದಳು. ಜಾತಕ ಹೊಂದಿಸಿದವರು ನಮ್ಮ ಜೋಯಿಸರೇ ಎಂಬುದನ್ನು ನಾನೂ ಮರೆತಿದ್ದೆ, ಅವಳೂ ಮರೆತಿದ್ದಳು. ಆಯಮ್ಮ ಮರೆತಿರಲಿಲ್ಲ.

"ಹೋದ ತಿಂಗಳು ಕೂಡಿದ್ದ ಜಾತಕ ಈ ತಿಂಗಳು ಹೆಂಗ್ರೀ ಬಿಟ್ಟೋಯ್ತು? ನನ್ನ ಮಗನಿಗೆ ಏನು ಕೊರತೆ, ಬಾಯ್ಬಿಟ್ಟು ಹೇಳಿ."

ಮಾತಿಗೆ ಮಾತು ಬೆಳೆಯಿತು. ಅಕ್ಕ ಸಿಟ್ಟಿನ ಭರದಲ್ಲಿ, "ನಿಮ್ಮ ಮಗ ಅಮೆರಿಕದಲ್ಲಿ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿಲ್ವಾ?" ಎಂದುಬಿಟ್ಟಳು. ಆ ತಾಯಿಗೆ ಅದು ಗೊತ್ತೇ ಇರಲಿಲ್ಲ.

ಎರಡು ದಿನ ಬಿಟ್ಟು ನನಗೆ ನವೀನನ ಫೋನು ಬಂತು. ಆಫೀಸಿನ ಕಾರ್ ಪಾರ್ಕಿನಲ್ಲಿದ್ದೆ. ಅಲ್ಲಿಯವರೆಗೆ ಅವನ ದನಿಯನ್ನೇ ಕೇಳಿರಲಿಲ್ಲ.

"ಅಂಕಲ್, ಫೋಟೋ ನೋಡಿದೋರು ನೀವಾ?"

ಹೌದೆಂದೆ.

"ಟ್ರಾಫಿಕ್ ಟಿಕೆಟ್ ಅಂಕಲ್, ದಂಡದ ಚೀಟಿ. ಮನೆ ಬದಲಾಯಿಸಿದ್ದೆ, ಕೋರ್ಟಿನ ನೋಟಿಸ್ ಹಳೇ ಮನೆಗೆ ಹೋಯ್ತು. ನಾನು ಕೋರ್ಟಿಗೆ ಹೋಗ್ಲಿಲ್ಲ, ವಾರಂಟ್ ಆಯ್ತು. ಆಮೇಲೊಂದು ದಿನ ಕಾರಿನ ಹಿಂದಿನ ಲೈಟ್ ಉರೀತಿಲ್ಲ ಅಂತ ನಿಲ್ಲಿಸಿದೋರು ಹಂಗೇ ಕರ್ಕೊಂಡ್ಹೋದ್ರು. ಆರು ಗಂಟೆ ಒಳಗಿದ್ದೆ. ಆಮೇಲೆ ಜಡ್ಜ್ ಕೇಸ್ ವಜಾ ಮಾಡಿದ್ರು. ಆ ಪೇಪರ್ ನನ್ಹತ್ರ ಇದೆ. ಅದನ್ನ ಮಾತ್ರ ಯಾರೂ ಇಂಟರ್ನೆಟ್ಟಲ್ಲಿ ಹಾಕಲ್ಲ."

ದೀಪಾಗೆ ಇದು ಗೊತ್ತಾ ಎಂದು ಕೇಳಿದೆ.

"ದೀಪಾಗೆ ಮೊದಲನೇ ದಿನವೇ ಹೇಳಿದ್ದೆ ಅಂಕಲ್. ಅಮ್ಮಂಗೆ ಮಾತ್ರ ಹೇಳಿರಲಿಲ್ಲ. ಅಪ್ಪ ತೀರ್ಕೊಂಡ ವರ್ಷ ಅದು, ಅದಕ್ಕೇ. ಎಲ್ಲೇ ಕೆಲಸಕ್ಕೆ ಸೇರಲಿ, ಎಲ್ಲೇ ಮನೆ ಕೇಳಲಿ, ಇವರು ಯಾವಾಗ ಹುಡುಕ್ತಾರೋ ಅಂತ ಕಾಯ್ತಾನೇ ಇರ್ತೀನಿ. ನೋಡಿದೋರ ಮುಖ ಬದಲಾಗುತ್ತೆ ಅಂಕಲ್, ಗೊತ್ತಾಗುತ್ತೆ. ನಿಮ್ಮದು ನೋಡಲಿಲ್ಲ ಅಷ್ಟೆ."

ಸಂಜೆ ದೀಪಾ ಫೋನು ಮಾಡಿದಳು. ಅಳುತ್ತಿರಲಿಲ್ಲ, ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. "ಅಡಿಲೇಡಿಗೆ ಒಂದು ಫೋನ್ ಮಾಡಕ್ಕಾಗ್ಲಿಲ್ವಾ ಮಾಮ? ಅಮೆರಿಕಾದ ಪೊಲೀಸ್ ತನಕ ಹೋದ್ರಲ್ಲ" ಎಂದು ಇಟ್ಟುಬಿಟ್ಟಳು.

ಮುಂದಿನ ವಾರವೇ ಪರ್ತ್‌ಗೆ ಹೊರಟೆ. ವಿಮಾನದಲ್ಲಿ ಐದು ಗಂಟೆಯೂ ಬಾಯಿಪಾಠ ಮಾಡಿಕೊಂಡು ಹೋದ ಕ್ಷಮಾಪಣೆಯಲ್ಲಿ, ಲಿಲ್ಲಿ ಆಂಟಿಯ ಅಡುಗೆಮನೆಯಲ್ಲಿ ಅವನ ಎದುರು ಕೂತಾಗ ಒಂದು ಅಕ್ಷರವೂ ನೆನಪಾಗಲಿಲ್ಲ. ಅವನೇ ಕೇಸ್ ವಜಾ ಆದ ಕಾಗದ ಮುಂದಿಟ್ಟ. ನಾಲ್ಕಾಗಿ ಮಡಿಸಿ ಮಡಿಸಿ ಗೆರೆಯ ಮೇಲೆ ಹರಿದಿತ್ತು, ಅಂಟುಪಟ್ಟಿ ಹಾಕಿದ್ದ. "ತಪ್ಪಾಯ್ತಪ್ಪಾ" ಎಂದೆ. ಅಷ್ಟೇ ಬಂದದ್ದು. ನಮ್ಮಪ್ಪ ಹೇಳುತ್ತಿದ್ದ ಇನ್ನರ್ಧ ಅವನ ಮುಖದಲ್ಲಿ ಹಾಗೇ ಇತ್ತು. ನಾನು ಕಾಫಿ ಕುಡಿಯಲು ತಡವಾಗಿ ಬಂದಿದ್ದೆ.

ಅಲ್ಲಿಂದಲೇ ಅವನ ತಾಯಿಗೆ ಫೋನು ಮಾಡಿದೆ. ಆಕೆ ಬೈಯಲಿಲ್ಲ. "ನನ್ನ ಮಗನ ಕಷ್ಟ ನನಗೆ ಊರೋರಿಂದ ಗೊತ್ತಾಗೋ ಹಾಗೆ ಮಾಡಿದ್ರಿ. ಆ ಮನೆ ಹೆಣ್ಣು ನಮಗೆ ಬೇಡ" ಎಂದರು. ನವೀನ ತಾಯಿಯ ಮಾತು ಮೀರಲಿಲ್ಲ. ಒಮ್ಮೆ ಮುಚ್ಚಿಟ್ಟು ನೋಯಿಸಿದವನು ಮತ್ತೆ ನೋಯಿಸಲಾರೆ ಎಂದನಂತೆ.

ಎರಡು ವರ್ಷದ ಮೇಲೆ ಮೈಸೂರಿನಲ್ಲಿ ದೀಪಾಳಿಗೆ ಮದುವೆಯಾಯಿತು, ಬೇರೆ ಹುಡುಗನ ಜೊತೆ. ಒಳ್ಳೆಯವನು. ಸೋದರಮಾವನಾಗಿ ಕೈ ಹಿಡಿದು ಮಂಟಪಕ್ಕೆ ಕರೆತಂದವನು ನಾನೇ. ಓಲಗದ ಅಬ್ಬರದ ನಡುವೆ ಅವಳು ತಲೆ ಬಗ್ಗಿಸಿಕೊಂಡೇ ಕೇಳಿದಳು: "ಈ ಸಲ ಏನೂ ಹುಡುಕಲಿಲ್ವಾ ಮಾಮ?" ನಗುತ್ತ ಕೇಳಿದಳೋ ಇಲ್ಲವೋ, ಮುಖ ಕಾಣಲಿಲ್ಲ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ.

ನವೀನ ಬ್ರಿಸ್ಬೇನಿಗೆ ಬಂದು ಎರಡು ವರ್ಷವಾಯಿತು. ಹಬ್ಬಕ್ಕೆ ಕರೆದರೆ ಬರುತ್ತಾನೆ. ಮದುವೆಯ ಮಾತು ಅವನೂ ಎತ್ತುವುದಿಲ್ಲ, ನಾವೂ ಎತ್ತುವುದಿಲ್ಲ. ಹೋಗುವಾಗ ನಮ್ಮ ಬಿನ್ ಹೊರಗಿಟ್ಟು ಹೋಗುತ್ತಾನೆ. ಈ ಸಹಿಗೆ ಬೇರೆ ಯಾರಾದರೂ ಸಿಗುತ್ತಿದ್ದರು. "ನಾನೇ ಯಾಕಪ್ಪಾ?" ಎಂದದ್ದಕ್ಕೆ, "ನನ್ನ ಮುಖ ನಿಮಗೆ ಚೆನ್ನಾಗಿ ಗೊತ್ತಲ್ಲ ಅಂಕಲ್" ಎಂದ. ಚುಚ್ಚಿದನೋ, ಕ್ಷಮಿಸಿದನೋ, ಎರಡೂ ಇರಬಹುದು.

ಅರ್ಜಿಯಲ್ಲಿ ನನ್ನ ಪಾಲಿನ ಪುಟ ತುಂಬುತ್ತ ಬಂದೆ. ಹೆಸರು, ವಿಳಾಸ, ಎಷ್ಟು ವರ್ಷದ ಪರಿಚಯ. ಆರು ಎಂದು ಬರೆದೆ. ಅದರ ಕೆಳಗೆ ಒಂದು ಸಾಲಿದೆ. ಸಹಿ ಹಾಕುವವರು ಅರ್ಜಿದಾರನಿಗೆ ಹುಟ್ಟಿನಿಂದಾಗಲಿ ಮದುವೆಯಿಂದಾಗಲಿ ಸಂಬಂಧಿ ಆಗಿರಬಾರದು. ಪೆನ್ನು ನಿಂತದ್ದು ಅಲ್ಲಿ. ಎಲ್ಲ ಸರಿಯಾಗಿ ನಡೆದಿದ್ದರೆ ಈ ಕಾಗದಕ್ಕೆ ಸಹಿ ಹಾಕುವ ಅರ್ಹತೆ ನನಗೆ ಇರುತ್ತಿರಲಿಲ್ಲ.

ಹಿತ್ತಲ ಬಾಗಿಲು ಸದ್ದಾಯಿತು. ನವೀನ ಅಡುಗೆಮನೆ ಹಾದು ಕಾಫಿ ಲೋಟಗಳನ್ನು ಹಿಡಿದು ಬಂದು ಎದುರಿನ ಕುರ್ಚಿಯಲ್ಲಿ ಕುಳಿತ. ಅಂಗಿಯ ಮೇಲೆ ಒಂದು ಕರಿಬೇವಿನ ಎಲೆ ಅಂಟಿಕೊಂಡಿತ್ತು.

"ಏನ್ ಅಂಕಲ್, ಡೌಟಾ?"

"ಇಲ್ಲಪ್ಪಾ" ಎಂದೆ. ಫೋಟೋ ಮಗುಚಿ ಇಟ್ಟೆ. ತಲೆಯೆತ್ತಿ ಅವನ ಮುಖವನ್ನು ನೋಡಿದೆ, ಅವನು ಕಣ್ಣು ತಗ್ಗಿಸುವವರೆಗೂ. ಆಮೇಲೆ ಅವನ ಆ ಉದ್ದದ ಹೆಸರನ್ನು ಒಂದಕ್ಷರವೂ ಬಿಡದೆ ಬರೆದು, ಕೆಳಗೆ ನನ್ನ ಸಹಿ ಹಾಕಿದೆ.